ಗುಡ್ಡದ ಓಟಕ್ಕೆ ಹೆಸರು ಕೊಟ್ಟವರು ಓದಿ: ಏರಿಗಿಂತ ಇಳಿಜಾರಿಗೆ ತಯಾರಿ ಬೇಕು

ಟಿಳಕವಾಡಿ ಓಟಗಾರ

ಈ ಸಲ ಬೆಳಗಾವಿ ಕಡೆಯಿಂದ ಗುಡ್ಡದ ಓಟಗಳಿಗೆ ತುಂಬಾ ಜನ ಹೆಸರು ಕೊಟ್ಟಿದ್ದಾರೆ. ನೋಡಿ ಖುಷಿಯಾಗಿದೆ. ಆದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಗಂಟೆಗೆ 10 ಕಿ.ಮೀ. ಆರಾಮಾಗಿ ಓಡುತ್ತೇನೆ, ಗುಡ್ಡದಲ್ಲಿ 25 ಕಿ.ಮೀ. ಆಗುತ್ತಾ?" ಆಗುತ್ತದೆ. ಆದರೆ ಡಾಂಬರಿನ ಮೇಲೆ ಓಡಿದ್ದನ್ನೇ ಜಾಸ್ತಿ ಮಾಡಿಕೊಂಡು ಹೋದರೆ ಆಗುವುದಿಲ್ಲ.

ಮೊದಲು ಯಾವ ಓಟ ಅಂತ ನೋಡಿ. ಸಾತಾರಾದ ಹಿಲ್ ಹಾಫ್ ಮ್ಯಾರಥಾನ್ ಯವತೇಶ್ವರ ಘಾಟಿಯ ಡಾಂಬರು ರಸ್ತೆಯಲ್ಲಿ ನಡೆಯುತ್ತದೆ, ಅದು ಬೇರೆ ಲೆಕ್ಕ. ಪುಣೆ ಹತ್ತಿರದ ಸಿಂಹಗಡ-ರಾಜಗಡ-ತೋರಣಾ ಓಟ ಕೋಟೆ ಹತ್ತಿ ಇಳಿಯುವ ಕಾಲುದಾರಿ. ಚಿಕ್ಕಮಗಳೂರು ಕಡೆಯ ಮಲ್ನಾಡ್ ಅಲ್ಟ್ರಾದಲ್ಲಿ ಕಾಫಿ ತೋಟದ ಮಣ್ಣಿನ ದಾರಿ. ಮೂರಕ್ಕೂ ಕಾಲು ಬೇರೆ ಬೇರೆ ಥರ ತಯಾರಾಗಬೇಕು.

ಆಮೇಲೆ ಒಟ್ಟು ಏರು ಎಷ್ಟು ಮೀಟರ್ ಅಂತ ನೋಡಿ. ಬರೀ ಕಿಲೋಮೀಟರ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಟ್ರೇಲ್ ಓಟದ, ಅಂದರೆ ಗುಡ್ಡ-ಕಾಡಿನ ದಾರಿಯ ಓಟದ ಅಂತರರಾಷ್ಟ್ರೀಯ ಸಂಸ್ಥೆ ಇಟ್ರಾ ಬಳಸುವ ಲೆಕ್ಕ ಸುಲಭ: ಪ್ರತಿ 100 ಮೀಟರ್ ಏರಿಗೆ 1 ಕಿ.ಮೀ. ಸೇರಿಸಿ. 25 ಕಿ.ಮೀ. ಓಟದಲ್ಲಿ 1200 ಮೀಟರ್ ಏರು ಇದ್ದರೆ ಅದು 37 ಕಿ.ಮೀ.ಗೆ ಸಮ ಆಯಿತು. ಇನ್ನೊಂದು ಹಳೇ ಲೆಕ್ಕ ಇದೆ, 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ ಹೇಳಿದ್ದು. ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದೇ ಓಟಕ್ಕೆ ಹಾಕಿದರೆ 5 ಮತ್ತು 2, ಒಟ್ಟು 7 ಗಂಟೆ, ಅದೂ ಪೂರ್ತಿ ನಡೆದರೆ. ನಿಮ್ಮ ಓಟದ ಕಟ್ ಆಫ್, ಅಂದರೆ ಮುಗಿಸಲು ಕೊಟ್ಟ ಗಡುವು, ಆರು ಗಂಟೆ ಇದ್ದರೆ ಎಲ್ಲಿ ಒಂದು ಗಂಟೆ ಉಳಿಸುತ್ತೀರಿ ಅಂತ ಈಗಲೇ ಯೋಚಿಸಿ. ಏರಿನಲ್ಲಿ ಅದು ಸಿಗುವುದಿಲ್ಲ. ಸಮತಟ್ಟಿನಲ್ಲಿ ಸಿಗುತ್ತದೆ, ಇಳಿಜಾರಿನಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ನಮ್ಮ ಹವ್ಯಾಸಿ ಓಟಗಾರರು ಏರಿಗೆ ಹೆದರುತ್ತಾರೆ, ಇಳಿಜಾರನ್ನು ವಿಶ್ರಾಂತಿ ಅಂದುಕೊಳ್ಳುತ್ತಾರೆ. ಏರಿನಲ್ಲಿ ಉಸಿರು ಹೋಗುತ್ತದೆ, ಎರಡು ನಿಮಿಷ ನಿಧಾನ ಮಾಡಿದರೆ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ತೊಡೆ ಹೋದರೆ ಆ ದಿನ ವಾಪಸ್ ಬರುವುದಿಲ್ಲ. 18ನೇ ಕಿಲೋಮೀಟರಿನಲ್ಲಿ ಗಟ್ಟಿಮುಟ್ಟಾದ ಹುಡುಗರು ಇಳಿಯಲಾಗದೆ ಅಡ್ಡಡ್ಡ ಹೆಜ್ಜೆ ಹಾಕುವುದನ್ನು ನಾನು ಪ್ರತಿ ಓಟದಲ್ಲೂ ನೋಡುತ್ತೇನೆ. ಅವರಿಗೆ ದಮ್ಮು ಇರುತ್ತದೆ, ತೊಡೆಯಲ್ಲಿ ಬ್ರೇಕ್ ಇರುವುದಿಲ್ಲ.

ಯಳ್ಳೂರಿನ ರಾಜಹಂಸಗಡಕ್ಕೆ ಹೋಗಿ ಅಭ್ಯಾಸ ಮಾಡಿ. ದೂರ ಇಲ್ಲ, ಮೇಲಿನವರೆಗೂ ರಸ್ತೆ ಇದೆ. ದೊಡ್ಡ ಏರು ಒಂದೇ ಸಲ ಸಿಗುವುದಿಲ್ಲ, ಹಾಗಾಗಿ ಹತ್ತಿ ಇಳಿದು, ಮತ್ತೆ ಹತ್ತಿ ಇಳಿಯಬೇಕು. ಹತ್ತುವಾಗ ನಡೆಯಿರಿ, ಇಳಿಯುವಾಗ ಓಡಿ. ಇನ್ನೂ ಬೇಕು ಅನಿಸಿದರೆ ಗಡಿ ದಾಟಿ ದೇವರವಾಡಿಯ ವೈಜನಾಥ, ಮಹಿಪಾಳಗಡದ ಕಡೆ ಹೋಗಿ.

ಇಳಿಯುವಾಗ ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ, ಹಿಮ್ಮಡಿ ಮುಂದೆ ಬಿದ್ದು ಪ್ರತಿ ಹೆಜ್ಜೆಯೂ ಮೊಣಕಾಲಿಗೆ ಹೊಡೆಯುತ್ತದೆ. ಮೈಯನ್ನು ಸ್ವಲ್ಪ ಮುಂದಕ್ಕೆ ಬಿಡಿ. ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ಕಣ್ಣು ಪಾದದ ಮೇಲೆ ಬೇಡ, ಮೂರು-ನಾಲ್ಕು ಮೀಟರ್ ಮುಂದೆ ಇರಲಿ. ಕೈ ಎರಡೂ ಕಡೆ ಅಗಲಕ್ಕೆ ಬಿಟ್ಟರೆ ತೂಕ ತಾನಾಗಿ ಸರಿಹೋಗುತ್ತದೆ. ಮೊದಮೊದಲು ಡಾಂಬರಿನ ಇಳಿಜಾರಿನಲ್ಲೇ ಮಾಡಿ, ಆಮೇಲೆ ಕಾಲುದಾರಿಗೆ ಇಳಿಯಿರಿ.

ಕ್ಯಾಂಪ್ ರೋಡ್ ರನ್ನರ್

ಇಳಿಜಾರಿನ ಮಾತು ಒಪ್ಪುತ್ತೇನೆ. ಆದರೆ ಏರಿನಲ್ಲಿ ನಡೆಯಿರಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಹೊಸಬರಿಗೆ ಮೊದಲೇ ನಡೆಯಿರಿ ಅಂತ ಹೇಳಿಬಿಟ್ಟರೆ ಸಣ್ಣ ದಿಬ್ಬ ಬಂದರೂ ನಡೆಯುತ್ತಾರೆ. ಸಾತಾರಾದಂಥ ಘಾಟಿ ರಸ್ತೆಯಲ್ಲಿ ಏರು ಹದವಾಗಿರುತ್ತದೆ, ಅಲ್ಲಿ ಸಣ್ಣಗೆ ಓಡುತ್ತಲೇ ಹೋಗಬೇಕು. ಅದಕ್ಕೆ ಬೇರೆ ಅಭ್ಯಾಸ ಬೇಕು, ಅದನ್ನೂ ಹೇಳಿ.

ಟಿಳಕವಾಡಿ ಓಟಗಾರ

ನಿಮ್ಮ ಮಾತು ಸರಿ, ಘಾಟಿ ರಸ್ತೆಗೆ ಅದು ಪೂರ್ತಿ ಅನ್ವಯಿಸುತ್ತದೆ. ನಾನು ಹೇಳಿದ್ದು ಕೋಟೆ ಹತ್ತುವಂಥ ಕಡಿದಾದ ದಾರಿಗೆ. ಸುಮಾರು 15 ಡಿಗ್ರಿಗಿಂತ ಕಡಿದಾದ ಏರಿನಲ್ಲಿ, ವೇಗ ಅದೇ ಇದ್ದರೆ, ಓಡುವುದಕ್ಕಿಂತ ನಡೆಯುವುದಕ್ಕೆ ಕಡಿಮೆ ಶಕ್ತಿ ಸಾಕು ಅಂತ ಟ್ರೆಡ್‌ಮಿಲ್ ಪ್ರಯೋಗಗಳಲ್ಲಿ ಕಂಡುಬಂದಿದೆ. ಮುಂದಿನ ಸಾಲಿನಲ್ಲಿ ಓಡುವ ಒಳ್ಳೊಳ್ಳೆಯ ಓಟಗಾರರೂ ಅಂಥಲ್ಲಿ ತೊಡೆ ಮೇಲೆ ಕೈ ಊರಿ ನಡೆಯುತ್ತಾರೆ. ಹೊಸಬರು ಮಾತಾಡಿ ನೋಡಲಿ. ಏರುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆದರೆ ಓಡಿ. ಎರಡು ಪದಕ್ಕೇ ಉಸಿರು ಕಟ್ಟಿದರೆ ನಡೆಯಿರಿ. ಮತ್ತೆ, ನಡೆಯುವುದು ಅಂದರೆ ಸಂತೆಗೆ ಹೋಗುವ ನಡಿಗೆ ಬೇಡ, ಬೀಸು ನಡಿಗೆ ಬೇಕು. ಅದಕ್ಕೂ ಅಭ್ಯಾಸ ಬೇಕೇ ಬೇಕು.

ವಿಜಯಪುರ ಸೈಕ್ಲಿಸ್ಟ್

ನಮ್ಮ ಕಡೆ ಗುಡ್ಡ ಎಲ್ಲಿಂದ ತರೋಣ ಹೇಳಿ. ಎಲ್ಲಿ ನೋಡಿದರೂ ಬಯಲು, ಎರೆ ಹೊಲ. ಮಳೆ ಬಂದರೆ ಬೂಟಿಗೆ ಮಣ್ಣು ಮೆತ್ತಿ ಒಂದೊಂದು ಕಾಲೂ ಕಿಲೋ ತೂಗುತ್ತದೆ. ವಿಜಯಪುರ, ಬಾಗಲಕೋಟೆ ಸೈಕಲ್ ಪಟುಗಳ ಊರು ಅಂತ ಎಲ್ಲರಿಗೂ ಗೊತ್ತು. ನಾನೂ ಚಿಕ್ಕಂದಿನಿಂದ ಸೈಕಲ್ ತುಳಿಯುತ್ತೇನೆ. ತೊಡೆ ಗಟ್ಟಿ ಇದೆ, ದಮ್ಮು ಇದೆ. ಅಷ್ಟು ಸಾಲುವುದಿಲ್ಲವೇ? ಗೋಳಗುಮ್ಮಟದ ಮಿನಾರಿನ ಮೆಟ್ಟಿಲು ಹತ್ತಿ ಇಳಿ ಅಂತ ಒಬ್ಬರು ಸಲಹೆ ಕೊಟ್ಟರು. ಅದು ಸ್ಮಾರಕ, ಇಕ್ಕಟ್ಟು ಮೆಟ್ಟಿಲು, ಯಾವಾಗಲೂ ಜನ. ಅಲ್ಲಿ ಓಡಾಡಿ ಅಭ್ಯಾಸ ಮಾಡುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಫಿಜಿಯೋ, ಬೆಳಗಾವಿ

ನನ್ನ ಕೆಲಸಕ್ಕೆ ಸಂಬಂಧಿಸಿದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸೈಕಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಬಲ ಹಾಕುತ್ತದೆ. ಇಳಿಜಾರಿನಲ್ಲಿ ಓಡುವಾಗ ಉಲ್ಟಾ. ಸ್ನಾಯು ಉದ್ದ ಆಗುತ್ತಲೇ ಬಲ ಹಾಕಬೇಕು, ಮೈಯ ತೂಕವನ್ನು ತಡೆದು ನಿಲ್ಲಿಸಬೇಕು. ಇದಕ್ಕೆ ಎಕ್ಸೆಂಟ್ರಿಕ್ ಕೆಲಸ ಅನ್ನುತ್ತೇವೆ. ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳು ಆಗುವುದು ಇದರಲ್ಲೇ ಜಾಸ್ತಿ. ಸೈಕಲ್‌ನಲ್ಲಿ ಈ ಕೆಲಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕೇ ಒಳ್ಳೇ ಸೈಕಲ್ ಪಟುವೂ ಗುಡ್ಡ ಓಡಿ ಇಳಿದ ಮಾರನೇ ದಿನ ಮೆಟ್ಟಿಲು ಇಳಿಯಲು ಒದ್ದಾಡುತ್ತಾನೆ. ನೋವು ಸಾಮಾನ್ಯವಾಗಿ ಒಂದರಿಂದ ಮೂರನೇ ದಿನದೊಳಗೆ ತುದಿ ಮುಟ್ಟುತ್ತದೆ.

ಒಳ್ಳೇ ಸುದ್ದಿಯೂ ಇದೆ. ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಒಂದು ಸಲ ಹದವಾಗಿ ಇಳಿಜಾರು ಓಡಿದರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ನೋವು, ಹಾನಿ ಎರಡೂ ಗಣನೀಯವಾಗಿ ಕಡಿಮೆ ಇರುತ್ತವೆ. ಹಾಗಾಗಿ ಓಟಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಸ್ವಲ್ಪ ಸ್ವಲ್ಪ ಶುರು ಮಾಡಿ. ಕೊನೆಯ ಗಟ್ಟಿ ಇಳಿಜಾರು ಓಟದ ಎರಡು ವಾರ ಮುಂಚೆ ಮುಗಿಯಲಿ. ಹಿಂದಿನ ವಾರ ಹೋಗಿ ತೊಡೆ ನೋಯಿಸಿಕೊಳ್ಳಬೇಡಿ.

ಗುಡ್ಡ ಇಲ್ಲದವರು ಮನೆಯ ಮೆಟ್ಟಿಲು ಬಳಸಿ. ಒಂದು ಕಾಲಲ್ಲಿ ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಹಿಮ್ಮಡಿಯನ್ನು ನಿಧಾನವಾಗಿ, ಮೂರು ನಾಲ್ಕು ಎಣಿಸುತ್ತಾ ಕೆಳಗೆ ಮುಟ್ಟಿಸಿ, ವಾಪಸ್ ಬನ್ನಿ. ಮೊಣಕಾಲು ಒಳಗೆ ಬಾಗಬಾರದು, ಪಾದದ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಕನ್ನಡಿ ಮುಂದೆ ಮಾಡಿದರೆ ಗೊತ್ತಾಗುತ್ತದೆ. ಏರಿಗೆ ಜಿಮ್ಮಿನ ಟ್ರೆಡ್‌ಮಿಲ್ಲನ್ನು ಎತ್ತರ ಮಾಡಿ ಬೀಸಾಗಿ ನಡೆದರೆ ಸಾಕು.

ಇನ್ನೊಂದು ವಿಷಯ ಕಡ್ಡಾಯವಾಗಿ ಹೇಳಬೇಕು. ಓಟದ ದಿನ ಬೆಳಿಗ್ಗೆಯೇ ನೋವಿನ ಮಾತ್ರೆ ನುಂಗಿ ಹೋಗುವವರನ್ನು ನೋಡಿದ್ದೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ನೀರು ಕಡಿಮೆಯಾದ ಮೈಯಲ್ಲಿ ಕಿಡ್ನಿಗೆ ಕೆಟ್ಟದ್ದು. ದಯವಿಟ್ಟು ಬೇಡ. ಓಟ ಮುಗಿದ ಮೇಲೆ ಮೂತ್ರ ಕೋಲಾದ ಬಣ್ಣಕ್ಕೆ ಬಂದರೆ, ತೊಡೆ ಊದಿ ನೋವು ವಿಪರೀತ ಆದರೆ, ಮನೆಯಲ್ಲಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ವಿಜಯಪುರ ಸೈಕ್ಲಿಸ್ಟ್

ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನಾಳೆಯಿಂದಲೇ ಮೆಟ್ಟಿಲು.

ಬಾದಾಮಿಯವ

ವಿಜಯಪುರದವರು ರವಿವಾರ ರೈಲು ಹಿಡಿದು ಬಾದಾಮಿಗೆ ಬನ್ನಿ. ಇಲ್ಲಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಹಾಯ್ದು ಹೋಗುವ ಹಳೇ ಕಾಲುದಾರಿ ಇದೆ. ಒಂದು ಕಡೆಗೆ ಕೆಲವೇ ಕಿಲೋಮೀಟರ್, ಹೋಗಿ ಬಂದರೆ ಒಳ್ಳೇ ಅಭ್ಯಾಸ. ಏರು ದೊಡ್ಡದಲ್ಲ, ಆದರೆ ನೆಲ ಪೂರ್ತಿ ಮರಳುಗಲ್ಲು. ಒಂದು ಕಡೆ ನುಣ್ಣನೆ ಹಾಸುಬಂಡೆ, ಹತ್ತು ಹೆಜ್ಜೆ ಮುಂದೆ ಮರಳು, ಅದರ ಮುಂದೆ ಮೊಣಕಾಲೆತ್ತರದ ಕಲ್ಲು. ಒಣಗಿದ್ದಾಗ ಬೂಟು ಚೆನ್ನಾಗಿ ಹಿಡಿಯುತ್ತದೆ, ಮಳೆ ಬಿದ್ದು ಪಾಚಿ ಕಟ್ಟಿದ ಬಂಡೆ ಮೇಲೆ ಮಾತ್ರ ಯಾವ ಬೂಟೂ ನಿಲ್ಲುವುದಿಲ್ಲ. ಆ ಕಡೆ ಇಳಿದು ಮಹಾಕೂಟದ ಪುಷ್ಕರಣಿ ಹತ್ತಿರ ಕೂತು ಎರಡು ಬಾಳೆಹಣ್ಣು ತಿಂದು ವಾಪಸ್ ಬನ್ನಿ. ಅದು ಚಾಲುಕ್ಯರ ಕಾಲದ ಜಾಗ, ಪೂಜೆ ನಡೆಯುವ ಗುಡಿ. ಗುಡಿ ಅಂಗಳದಲ್ಲಿ ಓಡಬೇಡಿ. ಬಾಳೆಹಣ್ಣು ಕೈಯಲ್ಲಿ ಹಿಡಿದು ಮಂಗಗಳ ಮುಂದೆ ನಿಲ್ಲಲೂಬೇಡಿ.

ಬಿಸಿಲಿನ ವಿಚಾರ ನಮ್ಮವರಿಗೆ ಹೇಳಬೇಕಾಗಿಲ್ಲ, ಆದರೆ ಬೆಳಗಾವಿಯವರಿಗೆ ಹೇಳುತ್ತೇನೆ. ನಿಮ್ಮ ಊರು ತಂಪು. ಇಲ್ಲಿ ಫೆಬ್ರವರಿ ದಾಟಿದರೆ ಒಂಬತ್ತು ಗಂಟೆಗೆ ಕಲ್ಲು ಕಾಯಲು ಶುರು. ಸೂರ್ಯ ಹುಟ್ಟುವಾಗ ಶುರು ಮಾಡಿ, ಎಂಟೂವರೆಗೆ ಮುಗಿಸಿ.

ಹಿಂದವಾಡಿ ತಾಯಿ

ತಿನ್ನೋದು ಏನು ಅಂತ ಯಾರೂ ಬರೆದಿಲ್ಲ. ಓಡುವಾಗ ತಿನ್ನಲು ಅಂಗಡಿಯಲ್ಲಿ ಸಿಗುವ ಸಕ್ಕರೆ ಜೆಲ್ ನನಗೆ ಸೇರುವುದಿಲ್ಲ, ಹೊಟ್ಟೆ ತೊಳಸುತ್ತದೆ. ಗೋಕಾಕ ಕರದಂಟು ತೆಗೆದುಕೊಂಡು ಹೋಗಬಹುದಾ? ಶೇಂಗಾ ಚಿಕ್ಕಿ?

ಟಿಳಕವಾಡಿ ಓಟಗಾರ

ಕರದಂಟು ಓಟದ ಹಿಂದಿನ ದಿನಗಳಿಗೆ, ಮುಗಿದ ಮೇಲೆ ಒಳ್ಳೇದು. ಓಡುವಾಗ ಬೇಡ ಅಂತ ನನ್ನ ಅನುಭವ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಎಲ್ಲ ಜಿಡ್ಡು, ಕರಗಲು ಹೊತ್ತು ಬೇಕು. ಶೇಂಗಾ ಚಿಕ್ಕಿಯೂ ಅಷ್ಟೇ, ಸ್ವಲ್ಪ ಪರವಾಗಿಲ್ಲ. ಎರಡು ಮೂರು ಗಂಟೆ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಬೇಕು ಅನ್ನುತ್ತಾರೆ. ಬಾಳೆಹಣ್ಣು, ಖರ್ಜೂರ, ಬೆಲ್ಲದ ತುಂಡು, ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ, ಇವೇ ಸಾಕು. ಏನೇ ಆದರೂ ಮನೆಯ ಹತ್ತಿರದ ಉದ್ದ ಓಟದಲ್ಲಿ ತಿಂದು ನೋಡಿ. ಏರಿನಲ್ಲಿ ನಡೆಯುವಾಗ ತಿನ್ನಿ, ಇಳಿಯುವಾಗ ಬಾಯಲ್ಲಿ ಏನೂ ಇರಬಾರದು.

ಫಿಜಿಯೋ, ಬೆಳಗಾವಿ

ನೀರಿನ ಬಗ್ಗೆ ಸೇರಿಸುತ್ತೇನೆ. ಕಡಿಮೆ ಕುಡಿದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು, ಜಾಸ್ತಿ ಕುಡಿದರೂ ಅಪಾಯ ಅಂತ ಬಹಳ ಜನರಿಗೆ ಗೊತ್ತಿಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಇಳಿದಿತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಅದು ಹೆಚ್ಚಾಗಿ ಕಂಡಿತು. ನಿಧಾನವಾಗಿ ಓಡುವ ನಮ್ಮಂಥವರಿಗೇ ಈ ಅಪಾಯ ಜಾಸ್ತಿ, ಯಾಕೆಂದರೆ ದಾರಿಯಲ್ಲಿ ಕುಡಿಯಲು ಸಮಯ ಜಾಸ್ತಿ ಸಿಗುತ್ತದೆ. ಬಾಯಾರಿದಷ್ಟು ಕುಡಿಯಿರಿ. ಓಆರ್‌ಎಸ್ ಒಯ್ಯುವವರು ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಒಂದು ಲೀಟರಿನ ಇಡೀ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ವಾಂತಿ ಬರಬಹುದು.

ಖಾನಾಪುರ ತಾಲೂಕು

ನೀವೆಲ್ಲ ಒಣ ಗುಡ್ಡದ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಜಾಂಬೋಟಿ, ಕಣಕುಂಬಿ ಕಡೆ ಬಂದು ನೋಡಿ. ಮಲಪ್ರಭೆ ಹುಟ್ಟುವ ಜಾಗ, ಮಳೆಗಾಲದಲ್ಲಿ ಹತ್ತು ಹೆಜ್ಜೆ ಮುಂದಿನವರು ಕಾಣಿಸದಷ್ಟು ಮಂಜು. ಕೆಂಪು ಮುರಕಲ್ಲಿನ ನೆಲ ಹಸಿ ಇದ್ದಾಗ ಜಾರುತ್ತದೆ. ಒಣಗಿದಾಗ ಉರುಟು ಕಲ್ಲು ಮೇಲೆದ್ದು ಗೋಲಿಗಳ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ. ಬೂಟಿನ ಅಡಿಯಲ್ಲಿ ನಾಲ್ಕೈದು ಮಿಲಿಮೀಟರ್ ಹಲ್ಲು ಇರಬೇಕು, ರೋಡ್ ಬೂಟು ಇಲ್ಲಿ ಕೆಲಸಕ್ಕೆ ಬಾರದು. ಅಳತೆ ಅರ್ಧ ನಂಬರ್ ದೊಡ್ಡದು ತೆಗೆದುಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದೆ ಹೊಡೆದು ಉಗುರು ಕಪ್ಪಾಗುತ್ತದೆ. ಲೇಸನ್ನು ಮೇಲಿನ ಕೊನೇ ತೂತಿಗೆ ಹಾಕಿ ಕುಣಿಕೆ ಮಾಡಿ, ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಜಾರುವುದಿಲ್ಲ.

ಪಾದದ ಬಗ್ಗೆ ಕೇಳಬೇಕಾದರೆ ಓಟಗಾರರಿಗಿಂತ ಪಾದಯಾತ್ರೆ ಮಾಡುವವರನ್ನು ಕೇಳಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆದೇ ಹೋಗುವವರಿದ್ದಾರೆ. ನಮ್ಮ ಓಣಿಯ ಹಿರಿಯರೊಬ್ಬರು ಹೇಳಿದ್ದು: ಉರಿ ಶುರುವಾದ ಕೂಡಲೇ ನಿಲ್ಲಬೇಕು, ಬೊಬ್ಬೆ ಎದ್ದ ಮೇಲೆ ಅಲ್ಲ. ಕಾಲು ಒರೆಸಿ ಒಣಗಿಸಿ, ಎಣ್ಣೆ ಹಚ್ಚಿ, ಆಮೇಲೆ ನಡೆಯಬೇಕು. ನಾನು ಓಟದಲ್ಲಿ ಎಣ್ಣೆ ಬದಲು ವ್ಯಾಸಲಿನ್ ಹಚ್ಚುತ್ತೇನೆ, ಹತ್ತಿ ಸಾಕ್ಸ್ ಬಿಟ್ಟಿದ್ದೇನೆ, ಅವು ಬೆವರು ಹಿಡಿದಿಟ್ಟುಕೊಳ್ಳುತ್ತವೆ. ಉಳಿದದ್ದು ಅವರ ಮಾತಿನಂತೆಯೇ.

ಇನ್ನೊಂದು ಗಂಭೀರ ವಿಚಾರ. ಭೀಮಗಡ 2011ರಿಂದ ವನ್ಯಜೀವಿ ಧಾಮ. ಕರಡಿ, ಕಾಡೆಮ್ಮೆ ಇರುವ ಕಾಡು. ಅಭ್ಯಾಸಕ್ಕೆ ಅಂತ ಅನುಮತಿ ಇಲ್ಲದೆ ಒಳಗೆ ನುಗ್ಗಬೇಡಿ, ಅದು ಕಾನೂನು ಪ್ರಕಾರ ಅಪರಾಧ. ಕಾಡಿನಂಚಿನ ಹಳ್ಳಿ ರಸ್ತೆಗಳೇ ಬೇಕಾದಷ್ಟಿವೆ. ನಸುಕಿನಲ್ಲಿ ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ಓಡುವುದಂತೂ ಬೇಡವೇ ಬೇಡ.

ಕ್ಯಾಂಪ್ ರೋಡ್ ರನ್ನರ್

ಆಯೋಜಕರು ಕಡ್ಡಾಯ ಸಾಮಾನು ಅಂತ ಪಟ್ಟಿ ಕೊಟ್ಟಿದ್ದಾರೆ. ತೆಳು ಜಾಕೆಟ್, ಸೀಟಿ, ತಲೆಗೆ ಕಟ್ಟುವ ಟಾರ್ಚು, ಬೆಳ್ಳಿ ಹಾಳೆಯಂಥ ಹೊದಿಕೆ. ನಮ್ಮ ಹವೆಗೆ ಇದೆಲ್ಲ ಬೇಕಾ? ಸುಮ್ನೆ ಭಾರ ಅಲ್ವಾ?

ಖಾನಾಪುರ ತಾಲೂಕು

ಬೇಕು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಗುಡ್ಡದ ಓಟ ನಡೆಯಿತು. ಹೆಚ್ಚಿನವರು ಚಡ್ಡಿ, ತೆಳು ಟಿ-ಶರ್ಟ್ ಹಾಕಿದ್ದರು. ಎತ್ತರದ ಜಾಗದಲ್ಲಿ ಇದ್ದಕ್ಕಿದ್ದಂತೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. 172 ಓಟಗಾರರಲ್ಲಿ 21 ಜನ ಸತ್ತರು. ಅವರಲ್ಲಿ ಆ ದೇಶದ ಹೆಸರಾಂತ ಓಟಗಾರರೂ ಇದ್ದರು. ಗುಹೆಯಲ್ಲಿ ಮಳೆಗೆ ನಿಂತಿದ್ದ ಒಬ್ಬ ಕುರಿಗಾಹಿ ಬೆಂಕಿ ಹಾಕಿ, ಹೊದಿಕೆ ಕೊಟ್ಟು 6 ಜನರನ್ನು ಉಳಿಸಿದ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ನಿಜ. ಆದರೆ ಕಾಲು ಉಳುಕಿ, ಒದ್ದೆ ಬಟ್ಟೆಯಲ್ಲಿ, ಗಾಳಿ ಬೀಸುವ ಕೋಟೆ ತುದಿಯಲ್ಲಿ ಎರಡು ಗಂಟೆ ಕೂರುವ ಸ್ಥಿತಿ ಬಂದರೆ ಘಟ್ಟದಲ್ಲೂ ಮೈ ನಡುಗುತ್ತದೆ. ಎಲ್ಲ ಸೇರಿ ಅರ್ಧ ಕಿಲೋ ಆಗುವುದಿಲ್ಲ. ಒಯ್ಯಿರಿ.

ಕ್ಯಾಂಪ್ ರೋಡ್ ರನ್ನರ್

ಒಪ್ಪಿದೆ. ಎಲ್ಲವನ್ನೂ ಒಯ್ಯುತ್ತೇನೆ.

ಹಿಂದವಾಡಿ ತಾಯಿ

ಹೆಂಗಸರ ಕಡೆಯಿಂದ ಒಂದೆರಡು ಮಾತು. ಇಳಿಜಾರಿನಲ್ಲಿ ಮೈ ಕುಲುಕುವುದು ಜಾಸ್ತಿ, ಹಾಗಾಗಿ ಒಳ್ಳೇ ಸ್ಪೋರ್ಟ್ಸ್ ಬ್ರಾಗೆ ದುಡ್ಡು ಹಾಕಿ, ಬೂಟಿನಷ್ಟೇ ಅದೂ ಮುಖ್ಯ. ನೀರಿನ ಚೀಲದ ಪಟ್ಟಿ ಎದೆಯ ಹತ್ತಿರ ಎಲ್ಲಿ ಉಜ್ಜುತ್ತದೆ ಅಂತ ಮೊದಲೇ ಓಡಿ ನೋಡಿಕೊಳ್ಳಿ. ಶೌಚಕ್ಕೆ ಏನು ವ್ಯವಸ್ಥೆ ಅಂತ ಆಯೋಜಕರನ್ನು ಸಂಕೋಚ ಇಲ್ಲದೆ ಕೇಳಿ. ಒಂದು ಓಟದಲ್ಲಿ ಶುರುವಿನ ಜಾಗ ಬಿಟ್ಟರೆ ಇಡೀ ದಾರಿಯಲ್ಲಿ ಎಲ್ಲೂ ಇರಲಿಲ್ಲ. ನಾವು ಎಷ್ಟೋ ಜನ ಅದಕ್ಕೇ ನೀರು ಕುಡಿಯದೆ ಓಡಿದೆವು. ಮೊದಲೇ ಹತ್ತು ಜನ ಕೇಳಿದ್ದರೆ ಅವರು ಮಾಡುತ್ತಿದ್ದರು.

ಮನೆಯಲ್ಲಿ "ಈ ವಯಸ್ಸಿನಲ್ಲಿ ಗುಡ್ಡ ಹತ್ತಿ ಏನು ಸಾಧಿಸುತ್ತೀ" ಅನ್ನುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಮಗಳನ್ನೇ ಒಂದು ದಿನ ಯಳ್ಳೂರಿಗೆ ಕರೆದುಕೊಂಡು ಹೋದೆ. ಈಗ ಅವಳೇ ಅಲಾರಂ ಇಡುತ್ತಾಳೆ. ಆದರೆ ಕತ್ತಲಲ್ಲಿ ಇಬ್ಬರೇ ಹೋಗಲು ಧೈರ್ಯ ಸಾಲುವುದಿಲ್ಲ. ರವಿವಾರ ಗುಂಪಾಗಿ ಹೋಗುವವರು ಇದ್ದರೆ ಹೇಳಿ, ನಾವೂ ಬರುತ್ತೇವೆ.

ವಿಜಯಪುರ ಸೈಕ್ಲಿಸ್ಟ್

ಮೆಟ್ಟಿಲು ಶುರು ಮಾಡಿದೆ. ಎಡ ಮೊಣಕಾಲು ಒಳಗೆ ಬಾಗುತ್ತಿದೆ, ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಏನು ಮಾಡಲಿ?

ಫಿಜಿಯೋ, ಬೆಳಗಾವಿ

ಸೊಂಟದ ಪಕ್ಕದ ಸ್ನಾಯು ಸಡಿಲ ಇರಬಹುದು, ಸೈಕಲ್ ತುಳಿಯುವವರಲ್ಲಿ ಇದನ್ನು ತುಂಬಾ ನೋಡುತ್ತೇನೆ. ಮೆಟ್ಟಿಲಿನ ಎತ್ತರ ಅರ್ಧಕ್ಕೆ ಇಳಿಸಿ. ಮೊಣಕಾಲು ನೇರ ಉಳಿಯುವಷ್ಟೇ ಕೆಳಗೆ ಹೋಗಿ. ಜೊತೆಗೆ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವ ವ್ಯಾಯಾಮ ಸೇರಿಸಿ. ಮೂರು ವಾರದಲ್ಲಿ ಸುಧಾರಿಸದಿದ್ದರೆ, ಅಥವಾ ನೋವು ಬಂದರೆ, ನಿಮ್ಮ ಊರಲ್ಲೇ ಯಾರಿಗಾದರೂ ತೋರಿಸಿ. ಬರೀ ಓದಿ ಹೇಳುವುದಕ್ಕೆ ಮಿತಿ ಇದೆ.

ಟಿಳಕವಾಡಿ ಓಟಗಾರ

ಹಿಂದವಾಡಿಯವರೇ, ಖಂಡಿತ ಬನ್ನಿ, ಮಗಳನ್ನೂ ಕರೆತನ್ನಿ. ಬರುವ ರವಿವಾರ ಬೆಳಿಗ್ಗೆ ಆರಕ್ಕೆ ರಾಜಹಂಸಗಡದ ಏರು ಶುರುವಾಗುವಲ್ಲಿ ಸೇರೋಣ. ಬೆಳಕು ಬರದೆ ಯಾರೂ ಹತ್ತುವುದು ಬೇಡ. ಎಲ್ಲಕ್ಕಿಂತ ನಿಧಾನ ಇರುವವರ ಹಿಂದೆ ಒಬ್ಬರು ಇದ್ದೇ ಇರುತ್ತಾರೆ, ಯಾರನ್ನೂ ಬಿಟ್ಟು ಹೋಗುವುದಿಲ್ಲ. ಹೊಸಬರು ಎರಡು ಸಲ ಹತ್ತಿ ಇಳಿದರೆ ಸಾಕು, ಮೂರನೆಯದಕ್ಕೆ ಆಸೆ ಪಡಬೇಡಿ. ಮೇಲೆ ಊರಿದೆ, ಬೆಳಿಗ್ಗೆ ಜನ ಮಲಗಿರುತ್ತಾರೆ, ಗಲಾಟೆ ಬೇಡ. ನೀರು ನಿಮ್ಮದನ್ನು ನೀವೇ ತನ್ನಿ, ಖಾಲಿ ಬಾಟಲಿಯನ್ನೂ ಸಿಪ್ಪೆಯನ್ನೂ ವಾಪಸ್ ಒಯ್ಯಿರಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ, ಗಾಡಿ ಇಲ್ಲದವರಿಗೆ ಟಿಳಕವಾಡಿಯಿಂದ ಯಾರ ಜೊತೆಗಾದರೂ ಹೊಂದಿಸುತ್ತೇನೆ.